ಪಟ್ಟಾಭಿಷೇಕದ ಖರ್ಚು ಯಾರ ಲೆಕ್ಕಕ್ಕೆ?

ಬ್ರಿಟನ್ನಿನ ಮೂರನೇ ಚಾರ್ಲ್ಸ್ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಕಿರೀಟ ಧರಿಸಿದ್ದು 2023ರ ಮೇ 6ರಂದು. ಅದಕ್ಕೆ ಸರ್ಕಾರದ ಬೊಕ್ಕಸದಿಂದ ಎಷ್ಟು ಹೋಯಿತು ಎಂಬ ಲೆಕ್ಕ ಜನರ ಮುಂದೆ ಬಂದದ್ದು 2024ರ ನವೆಂಬರಿನಲ್ಲಿ, ಒಂದೂವರೆ ವರ್ಷ ಕಳೆದ ಮೇಲೆ. ಸಮಾರಂಭಕ್ಕೆ 5 ಕೋಟಿ ಪೌಂಡಿಗಿಂತ ತುಸು ಹೆಚ್ಚು, ಪೊಲೀಸ್ ಬಂದೋಬಸ್ತಿಗೆ 2 ಕೋಟಿಗೂ ಮೇಲೆ, ಒಟ್ಟು 7 ಕೋಟಿ 20 ಲಕ್ಷ ಪೌಂಡು. ನಮ್ಮ ಹಣದಲ್ಲಿ ಏಳುನೂರು ಕೋಟಿ ರೂಪಾಯಿ ದಾಟುವ ಮೊತ್ತ. ಕಿರೀಟ ತಲೆಗೇರುವ ಮೊದಲೇ ಅಂದಾಜು ಖರ್ಚು ಕೇಳಿದವರಿಗೆ, ಎಲ್ಲ ಮುಗಿದ ಮೇಲೆ ತಿಳಿಸುತ್ತೇವೆ ಎಂಬ ಉತ್ತರ ಸಿಕ್ಕಿತ್ತು.

ಆ ದಿನಗಳಲ್ಲಿ ಬ್ರಿಟನ್ ಹೇಗಿತ್ತು? 2022ರ ಅಕ್ಟೋಬರಿನಲ್ಲಿ ಹಣದುಬ್ಬರ ಶೇ 11.1ಕ್ಕೆ ಏರಿ ನಾಲ್ಕು ದಶಕಗಳ ದಾಖಲೆ ಮುರಿದಿತ್ತು. 2023ರ ಮಾರ್ಚ್‌ನಲ್ಲಿ ಊಟದ ಸಾಮಗ್ರಿಗಳ ಬೆಲೆ ಒಂದೇ ವರ್ಷದಲ್ಲಿ ಶೇ 19ರಷ್ಟು ಹೆಚ್ಚಿತ್ತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದೋ ಹೊಟ್ಟೆ ತುಂಬ ಉಣ್ಣುವುದೋ ಎಂದು ಜನ ಯೋಚಿಸುತ್ತಿದ್ದರು. 2022ರ ಡಿಸೆಂಬರಿನಲ್ಲಿ ನರ್ಸ್‌ಗಳ ಸಂಘಟನೆಯಾದ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ತನ್ನ ನೂರು ವರ್ಷಗಳ ಚರಿತ್ರೆಯಲ್ಲಿ ಕಂಡಿರದಷ್ಟು ದೊಡ್ಡ ಮುಷ್ಕರಕ್ಕೆ ಇಳಿಯಿತು. ಅವರು ಕೇಳಿದ ಸಂಬಳಕ್ಕೆ ಹಣವಿಲ್ಲ ಎಂದು ಸರ್ಕಾರ ಹೇಳುತ್ತಿತ್ತು. 2023ರ ಮಾರ್ಚ್‌ಗೆ ಮುಗಿದ ಒಂದು ವರ್ಷದಲ್ಲಿ ಟ್ರಸೆಲ್ ಟ್ರಸ್ಟ್ ಎಂಬ ಸೇವಾಸಂಸ್ಥೆಯ ಕೇಂದ್ರಗಳು ಹಸಿದವರಿಗೆ ಹಂಚಿದ ಆಹಾರದ ಪೊಟ್ಟಣಗಳು ಹತ್ತಿರ ಹತ್ತಿರ 30 ಲಕ್ಷ. ಪಟ್ಟಾಭಿಷೇಕಕ್ಕೆ ಕೆಲವೇ ವಾರಗಳ ಮುಂಚೆ ಯೂಗವ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ಇದರ ಖರ್ಚನ್ನು ಸರ್ಕಾರ ಹೊರಬಾರದು ಎಂದವರು ಶೇ 51. ಹೊರಲಿ ಎಂದವರು ಶೇ 32 ಮಾತ್ರ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಜನರಿಗೆ ಹೊಟ್ಟೆ ಕಟ್ಟಿಕೊಳ್ಳಿ ಎಂದು ಹೇಳುತ್ತಿರುವ ಸರ್ಕಾರ, ಅದೇ ಜನರ ಹಣದಲ್ಲಿ ಅರಮನೆಯ ಸಂಭ್ರಮ ನಡೆಸಬಾರದು. ಲಕ್ಷಾಂತರ ಜನ ಸೇರುವಲ್ಲಿ ಪೊಲೀಸ್ ಕಾವಲು ಸರ್ಕಾರದ ಕೆಲಸ, ಅದರ ಬಗ್ಗೆ ತಕರಾರಿಲ್ಲ. ಉಳಿದದ್ದನ್ನು ಸಂಭ್ರಮಿಸುವ ಮನೆಯವರೇ ಭರಿಸಲಿ. ಬ್ರಿಟನ್ನಿನಲ್ಲಿ ಈ ಪದ್ಧತಿ ಹೊಸದೇನಲ್ಲ. ಸರ್ಕಾರ ಬಹುತೇಕ ಇಲಾಖೆಗಳ ಖರ್ಚಿಗೆ ಕತ್ತರಿ ಹಾಕುತ್ತಿದ್ದ 2011ರಲ್ಲಿ ರಾಜಕುಮಾರ ವಿಲಿಯಂ ಮದುವೆಯಾದಾಗ ಮದುವೆಯ ಖರ್ಚು ಎರಡೂ ಕುಟುಂಬಗಳದ್ದು, ಭದ್ರತೆ ಮಾತ್ರ ಸರ್ಕಾರದ್ದು. ಪಟ್ಟಾಭಿಷೇಕ ರಾಷ್ಟ್ರದ ಸಮಾರಂಭ ಎಂಬ ಕಾರಣ ಕೊಟ್ಟು ಅದನ್ನು ಮಾತ್ರ ಈ ನಿಯಮದಿಂದ ಹೊರಗಿಡಲಾಯಿತು. ದೊರೆಗೆ ಲ್ಯಾಂಕಾಸ್ಟರ್ ಡಚಿ ಎಂಬ ಖಾಸಗಿ ಎಸ್ಟೇಟಿನ ಜಮೀನುಗಳಿಂದಲೇ ವರ್ಷಕ್ಕೆ 2 ಕೋಟಿ ಪೌಂಡಿಗೂ ಮಿಕ್ಕ ಆದಾಯವಿದೆ. ತಾಯಿಯಿಂದ ಬಂದ ಆಸ್ತಿಗೆ, ಸಾಮಾನ್ಯ ಪ್ರಜೆ ಕಟ್ಟಬೇಕಾದ ಉತ್ತರಾಧಿಕಾರ ತೆರಿಗೆಯೂ 1993ರ ಒಪ್ಪಂದದಂತೆ ಅವರಿಗಿಲ್ಲ.

ಇದಕ್ಕೆ ಎದುರು ವಾದಗಳಿವೆ. ತಲೆಗೆ ಹಂಚಿದರೆ ಒಬ್ಬೊಬ್ಬರಿಗೆ ಒಂದು ಪೌಂಡು ಬೀಳುತ್ತದೆ, ಅಷ್ಟಕ್ಕೆ ಇಷ್ಟು ಗದ್ದಲವೇಕೆ ಎನ್ನುತ್ತಾರೆ. ಆರೂಮುಕ್ಕಾಲು ಕೋಟಿ ಜನರ ನಡುವೆ ಹಂಚಿದರೆ ಯಾವ ದುಂದೂ ಸಣ್ಣದಾಗಿಯೇ ಕಾಣುತ್ತದೆ. ಈ ಹಣ ಉಳಿದಿದ್ದರೆ ನರ್ಸ್‌ಗಳ ಸಂಬಳದ ಸಮಸ್ಯೆ ತೀರುತ್ತಿರಲಿಲ್ಲ, ನಿಜ. ಆದರೆ ಬಡ ಕುಟುಂಬಗಳ ನೆರವಿಗೆ ಕೊರೊನಾ ಕಾಲದಲ್ಲಿ ಸೇರಿಸಿದ್ದ ವಾರಕ್ಕೆ 20 ಪೌಂಡನ್ನು ಸರ್ಕಾರ 2021ರ ಅಕ್ಟೋಬರಿನಲ್ಲಿ ಹಿಂದಕ್ಕೆ ಪಡೆದಿತ್ತು. ಹಾಗೆ ಕಳೆದುಕೊಂಡ ತಾಯಿಯೊಬ್ಬಳ ಮುಂದೆ ತಲೆಗೊಂದು ಪೌಂಡಿನ ಲೆಕ್ಕ ಒಪ್ಪಿಸಲು ಯಾರಿಗೆ ಬಾಯಿ ಬಂದೀತು? ಪ್ರವಾಸಿಗರು ಬರುತ್ತಾರೆ, ವ್ಯಾಪಾರ ಕುದುರುತ್ತದೆ ಎಂಬ ವಾದವೂ ಗಟ್ಟಿಯಾಗಿಲ್ಲ. ಪಟ್ಟಾಭಿಷೇಕಕ್ಕೆಂದು ಒಂದು ದಿನ ಹೆಚ್ಚುವರಿ ರಜೆ ಕೊಟ್ಟ ಆ ಮೇ ತಿಂಗಳಲ್ಲಿ ಬ್ರಿಟನ್ನಿನ ಉತ್ಪಾದನೆ ಹಿಂದಿನ ತಿಂಗಳಿಗಿಂತ ಇಳಿಯಿತೇ ಹೊರತು ಏರಲಿಲ್ಲ.

ತೂಕವಿರುವ ವಾದ ಇನ್ನೊಂದು. ಕಷ್ಟಕಾಲದಲ್ಲೇ ಜನಕ್ಕೆ ಒಂದಿಷ್ಟು ಬಣ್ಣ, ಒಂದಿಷ್ಟು ಸಡಗರ ಬೇಕು ಎಂಬುದು. ಇದನ್ನು ಹೇಳುವವರು 1947ರ ನವೆಂಬರಿನತ್ತ ಬೊಟ್ಟು ಮಾಡುತ್ತಾರೆ. ಯುದ್ಧ ಮುಗಿದು ಎರಡು ವರ್ಷವಾಗಿದ್ದರೂ ಬಟ್ಟೆಗೆ ಕೂಪನ್, ಸಕ್ಕರೆಗೆ ಪಡಿತರ ಇದ್ದ ಕಾಲ. ರಾಜಕುಮಾರಿ ಎಲಿಜಬೆತ್ ಮದುವೆಗೆ ನಿಂತಾಗ ದೇಶದ ಹೆಂಗಸರು ತಮ್ಮ ಪಾಲಿನ ಬಟ್ಟೆ ಕೂಪನ್‌ಗಳನ್ನು ಅವಳ ಉಡುಪಿಗೆಂದು ಅಂಚೆಯಲ್ಲಿ ಕಳಿಸಿಕೊಟ್ಟರು. ಒಬ್ಬರ ಕೂಪನ್ ಇನ್ನೊಬ್ಬರು ಬಳಸುವುದು ಕಾನೂನಿಗೆ ವಿರುದ್ಧವಾದ್ದರಿಂದ ಅವನ್ನೆಲ್ಲ ಹಿಂತಿರುಗಿಸಬೇಕಾಯಿತು. ಕೇಕಿನ ಸಾಮಗ್ರಿ ಆಸ್ಟ್ರೇಲಿಯಾದ ಗರ್ಲ್ ಗೈಡ್‌ಗಳಿಂದ ಬಂತು. ಆ ಪ್ರೀತಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಘಟನೆಯಲ್ಲಿ ಎರಡು ಸಂಗತಿಗಳಿವೆ. ಕೂಪನ್ ಕಳಿಸಿದ ಹೆಂಗಸರು ತಾವಾಗಿ ಕೊಟ್ಟರು, ಯಾರೂ ಅವರಿಂದ ವಸೂಲಿ ಮಾಡಲಿಲ್ಲ. ಎರಡನೆಯದು, ಸರ್ಕಾರ ಕೆಲವು ಹೆಚ್ಚುವರಿ ಕೂಪನ್ ಕೊಟ್ಟಿತಾದರೂ ಮದುಮಗಳು ಕೂಪನ್ ಪದ್ಧತಿಯ ಒಳಗೇ ಇದ್ದಳು. ಮನಸ್ಸಿನಿಂದ ಕೊಟ್ಟ ಉಡುಗೊರೆಗೂ ಬೊಕ್ಕಸದಿಂದ ಎತ್ತಿದ ಹಣಕ್ಕೂ ಇರುವ ಅಂತರವನ್ನು ಮರೆಸಲು 1947ನ್ನು ಬಳಸಬಾರದು.

ಆ ಅಂತರ ಜನಕ್ಕೆ ಚೆನ್ನಾಗಿ ಗೊತ್ತು ಎಂಬುದಕ್ಕೆ ವಿಂಡ್ಸರ್ ಸಾಕ್ಷಿ. 1992ರ ನವೆಂಬರ್ 20ರಂದು ವಿಂಡ್ಸರ್ ಕೋಟೆಯರಮನೆಗೆ ಬೆಂಕಿ ಬಿತ್ತು. ದೇಶ ಆರ್ಥಿಕ ಹಿಂಜರಿತದಲ್ಲಿತ್ತು, ಜನ ಕೆಲಸ ಕಳೆದುಕೊಂಡು ಸಾಲಕ್ಕೆ ಮನೆ ಬಿಟ್ಟುಕೊಡುತ್ತಿದ್ದರು. ರಿಪೇರಿಯ ಖರ್ಚು ಸರ್ಕಾರದ್ದು ಎಂದು ಸಚಿವರು ಘೋಷಿಸಿದ್ದೇ ತಡ, ರಾಣಿಯನ್ನು ಮೆಚ್ಚುವವರೇ ಸಿಟ್ಟಿಗೆದ್ದರು. ವಾರ ಕಳೆಯುವುದರೊಳಗೆ, ರಾಣಿ ಇನ್ನು ಮುಂದೆ ಆದಾಯ ತೆರಿಗೆ ಕಟ್ಟುತ್ತಾರೆ ಎಂದು ಪ್ರಧಾನಿ ಜಾನ್ ಮೇಜರ್ ಸಂಸತ್ತಿನಲ್ಲಿ ಹೇಳಬೇಕಾಯಿತು. ಮರುವರ್ಷದ ಬೇಸಿಗೆಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಬಾಗಿಲು ಮೊದಲ ಬಾರಿಗೆ ಟಿಕೆಟ್ ಕೊಂಡ ಜನರಿಗೆ ತೆರೆಯಿತು. ವಿಂಡ್ಸರ್ ರಿಪೇರಿಗೆ ತಗುಲಿದ್ದು 3 ಕೋಟಿ 65 ಲಕ್ಷ ಪೌಂಡು. ಬಹುಪಾಲು ಈ ಟಿಕೆಟ್ ಹಣದಿಂದಲೇ ಬಂತು. 1997ರಲ್ಲಿ ಕೆಲಸ ಅಂದುಕೊಂಡ ಅವಧಿಗೆ ಮೊದಲೇ, ಅಂದಾಜಿಗಿಂತ ಕಡಿಮೆ ಖರ್ಚಿನಲ್ಲಿ ಮುಗಿಯಿತು. ರಾಜಮನೆತನದ ಘನತೆಗೆ ಅದರಿಂದ ಕುಂದೇನೂ ಬರಲಿಲ್ಲ. ಅದೇ ದಾರಿ 2023ರಲ್ಲಿ ಯಾರಿಗೂ ನೆನಪಾಗದೆ ಹೋಯಿತು.

ಬ್ರಿಟನ್ನಿನ ಮಾತು ನಮಗೇಕೆ ಎನ್ನುವ ಓದುಗರಿಗೆ ಹೇಳಬೇಕಾದ್ದೊಂದಿದೆ. ಅದೇ ಸಿಂಹಾಸನದ ಸಂಭ್ರಮಕ್ಕೆ ಹಸಿದ ಕನ್ನಡಿಗರೂ ಹಣ ತೆತ್ತಿದ್ದಾರೆ. ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರ ಎಂದು ನೆನೆಯುವ ಕ್ಷಾಮ ಅದು. 1876ರಲ್ಲಿ ಮಳೆ ಕೈಕೊಟ್ಟಿತು. ಮೈಸೂರು ಸಂಸ್ಥಾನ, ಬಳ್ಳಾರಿ, ಬಿಜಾಪುರ, ಧಾರವಾಡದ ಸೀಮೆಗಳಲ್ಲಿ ಕೆರೆಗಳು ಬತ್ತಿ, ರಾಗಿ ಜೋಳದ ಹೊಲಗಳು ಒಣಗಿ ನಿಂತವು. ಜನ ಊರು ಬಿಟ್ಟು ಬೆಂಗಳೂರಿನ ಗಂಜಿ ಕೇಂದ್ರಗಳತ್ತ ನಡೆದರು. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಇದೇ ಚಳಿಗಾಲದಲ್ಲಿ ವೈಸ್‌ರಾಯ್ ಲಿಟ್ಟನ್ ದೆಹಲಿಯ ಹೊರಬಯಲಲ್ಲಿ ಮಹಾದರ್ಬಾರಿನ ಸಿದ್ಧತೆಯಲ್ಲಿದ್ದ. 1877ರ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಅಲ್ಲಿ ಸಾರಲಾಯಿತು. ರಾಣಿ ಬಂದಿರಲಿಲ್ಲ. ಅರುವತ್ತಕ್ಕೂ ಹೆಚ್ಚು ಸಂಸ್ಥಾನಗಳ ಅರಸರು ತಮ್ಮ ಆನೆ, ಪರಿವಾರಗಳೊಂದಿಗೆ ಬಂದಿದ್ದರು. ಅವರವರಿಗೆ ಚಿತ್ತಾರದ ರೇಷ್ಮೆ ಧ್ವಜ ಹೊಲಿಸಲಾಗಿತ್ತು. ನೂರಾ ಒಂದು ತೋಪು ಹಾರಿದವು. ನಮ್ಮ ಹತ್ತನೇ ಚಾಮರಾಜ ಒಡೆಯರು, ಇನ್ನೂ ಹದಿಮೂರರ ಹುಡುಗ, ಆ ಸಭೆಯಲ್ಲಿ ಕುಳಿತಿದ್ದರು. ಬರದ ಭಾರ ಹೊತ್ತಿದ್ದ ಮದ್ರಾಸಿನ ಗವರ್ನರನೂ ತನ್ನ ಪ್ರಾಂತ್ಯ ಬಿಟ್ಟು ದೆಹಲಿಗೆ ಹೋಗಬೇಕಾಯಿತು. ಖರ್ಚು ಇಂಗ್ಲೆಂಡಿನದಲ್ಲ, ಭಾರತದ ಕಂದಾಯದ್ದು.

ದರ್ಬಾರಿನ ಬೆನ್ನಿಗೇ ಲಿಟ್ಟನ್, ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಅಟ್ಟಿದ. ಪರಿಹಾರದ ಖರ್ಚು ಕಡಿಮೆ ಮಾಡಬೇಕು ಎಂಬುದೇ ಅವನಿಗೆ ಕೊಟ್ಟ ಕೆಲಸ. ಮದ್ರಾಸ್ ಪ್ರಾಂತ್ಯದ ಬರಗಾಲದ ಕಾಮಗಾರಿಯಲ್ಲಿ ಬಿಸಿಲಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ, ಜೊತೆಗೆ ತುಸು ಚಿಲ್ಲರೆ ಕಾಸು ಸಿಗುವಷ್ಟಕ್ಕೆ ಕೂಲಿ ಇಳಿಸಲಾಯಿತು. ಇದು ಸಾಯಿಸುವ ಲೆಕ್ಕ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿ ಬರೆದ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷ ಮೀರಿತ್ತು. 1881ರಲ್ಲಿ ಅದು 41 ಲಕ್ಷ 86 ಸಾವಿರ. ಅದೇ 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ಮರಳಿ ಸಿಕ್ಕಾಗ ಜೊತೆಗೆ ಸಿಕ್ಕಿದ್ದು 80 ಲಕ್ಷ ರೂಪಾಯಿ ಸಾಲ. ಈ ಸಂಖ್ಯೆಗಳನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ದರ್ಬಾರು ನಡೆಯದಿದ್ದರೆ ಬರ ಬರುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಧ್ವಜದ ರೇಷ್ಮೆಗೆ ಕೈ ಬಿಚ್ಚಿದ ಆಡಳಿತವೇ ಕೂಲಿಯವನ ಧಾನ್ಯವನ್ನು ತೂಗಿ ತೂಗಿ ಕಡಿಮೆ ಮಾಡಿತು ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಅಲ್ಲಿಗೆ ನಿಲ್ಲಲಿಲ್ಲ. ಶತಮಾನದ ಕೊನೆಯ ಬರ ಮುಗಿದು ಮೂರೇ ವರ್ಷಕ್ಕೆ, 1903ರಲ್ಲಿ, ವೈಸ್‌ರಾಯ್ ಕರ್ಜನ್ ಇನ್ನೊಂದು ದರ್ಬಾರು ನಡೆಸಿದ. ಇದಕ್ಕೆ ಸುರಿದ ಹಣದ ಅರ್ಧವನ್ನಾದರೂ ಹಸಿದವರಿಗೆ ಕೊಟ್ಟಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು ಎಂಬ ಅರ್ಥದ ಮಾತನ್ನು ಲಾಲ್‌ಮೋಹನ್ ಘೋಷ್ ಅದೇ ವರ್ಷ ಮದ್ರಾಸ್ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಿಂದ ಆಡಿದರು. 1911ರ ದರ್ಬಾರಿಗೆ ಐದನೇ ಜಾರ್ಜ್ ಖುದ್ದಾಗಿ ಬಂದಾಗ, ಬ್ರಿಟನ್ನಿನ ಕಿರೀಟ ದೇಶದಾಚೆ ಹೋಗುವಂತಿರಲಿಲ್ಲವಾಗಿ 60 ಸಾವಿರ ಪೌಂಡಿನ ಹೊಸ ಕಿರೀಟ ಮಾಡಿಸಿದರು. ಬೆಲೆ ಕೊಟ್ಟದ್ದು ಭಾರತ. ಅದನ್ನು ಆತ ಧರಿಸಿದ್ದು ಆ ಒಂದೇ ಸಲ. ಈಗ ಅದು ಲಂಡನ್ ಟವರ್‌ನಲ್ಲಿದೆ.

ಬೇರೆ ದಾರಿ ಹಿಡಿದವರಿದ್ದಾರೆ. ಸ್ಪೇನಿನ ದೊರೆ ಹ್ವಾನ್ ಕಾರ್ಲೋಸ್, ದೇಶದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲದ 2012ರಲ್ಲಿ ಆನೆ ಬೇಟೆಗೆಂದು ಬೋಟ್ಸ್ವಾನಾಕ್ಕೆ ಹೋಗಿ ಸೊಂಟ ಮುರಿದುಕೊಂಡ. ಸುದ್ದಿ ಹೊರಬಿದ್ದಾಗ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಜನರ ಕ್ಷಮೆ ಕೇಳಿದ. ಎರಡು ವರ್ಷಕ್ಕೆ ಪಟ್ಟ ಬಿಟ್ಟ. 2014ರ ಜೂನ್ 19ರಂದು ಮಗ ಆರನೇ ಫಿಲಿಪ್ ಸಂಸತ್ತಿನಲ್ಲಿ ಪ್ರಮಾಣ ಸ್ವೀಕರಿಸಿದಾಗ ಪರದೇಶದ ರಾಜರಿಗೆ, ಅಧ್ಯಕ್ಷರಿಗೆ ಕರೆ ಹೋಗಲಿಲ್ಲ. ಔತಣದ ಬದಲು ನಿಂತೇ ತಿನ್ನುವ ಲಘು ಉಪಾಹಾರವಿತ್ತು. ದೇಶದ ಪರಿಸ್ಥಿತಿ ಇದನ್ನೇ ಕೇಳುತ್ತದೆ ಎಂದು ಅರಮನೆ ಅರ್ಥ ಮಾಡಿಕೊಂಡಿತ್ತು. ಸ್ವೀಡನ್ನಿನಲ್ಲಂತೂ 1873ರ ನಂತರ ಯಾವ ದೊರೆಯೂ ಕಿರೀಟ ಧಾರಣೆ ಮಾಡಿಸಿಕೊಂಡಿಲ್ಲ.

ಇಷ್ಟು ಓದಿದವರ ಮನಸ್ಸು ಮೈಸೂರು ದಸರೆಯತ್ತ ಹೋಗದೆ ಇರದು. ಅದನ್ನು ಇದರ ಜೊತೆ ಒಂದೇ ಗಂಟಿನಲ್ಲಿ ಕಟ್ಟಲು ನಾನು ಸಿದ್ಧನಿಲ್ಲ. 1971ರಲ್ಲಿ ರಾಜಧನ ರದ್ದಾದ ಮೇಲೆ ಅದು ನಾಡಹಬ್ಬ. ಅಂಬಾರಿಯಲ್ಲಿ ಕೂರುವುದು ಅರಸರಲ್ಲ, ಚಾಮುಂಡೇಶ್ವರಿ. ಅರಮನೆಯ ಖಾಸಗಿ ದರ್ಬಾರು ಬೇರೆ, ಸರ್ಕಾರದ ಉತ್ಸವ ಬೇರೆ. ಆದರೂ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ 2023ರಲ್ಲಿ, ಆಡಂಬರ ಬಿಟ್ಟು ಸಾಂಪ್ರದಾಯಿಕವಾಗಿ ಆಚರಿಸುತ್ತೇವೆ ಎಂದು ಸರ್ಕಾರ ಹೇಳಬೇಕಾಯಿತು. ಎಷ್ಟು ಖರ್ಚು, ಯಾವ ಬಾಬಿಗೆ ಎಂಬ ಪ್ರಶ್ನೆ ಇಲ್ಲಿ ಪ್ರತಿ ವರ್ಷ ಏಳುತ್ತದೆ. ಏಳಲೇಬೇಕು.

ಬ್ರಿಟನ್ನಿನಲ್ಲಿ ಈಗ ನೋಡಬೇಕಾದ್ದು ಮುಂದಿನ ಪಟ್ಟಾಭಿಷೇಕದ ಕಡೆಗೆ. ಅರಮನೆಯ ಖರ್ಚಿಗೆ ಸರ್ಕಾರ ಕೊಡುವ ವಾರ್ಷಿಕ ಅನುದಾನವನ್ನು 2011ರ ಕಾಯ್ದೆ, ಕ್ರೌನ್ ಎಸ್ಟೇಟ್ ಎಂಬ ಸಾರ್ವಜನಿಕ ಆಸ್ತಿಯ ಲಾಭಕ್ಕೆ ಗಂಟು ಹಾಕಿತು. ಲಾಭ ಏರಿದರೆ ಅನುದಾನ ಏರುತ್ತದೆ. ಲಾಭ ಬಿದ್ದರೂ ಅನುದಾನ ಹಿಂದಿನ ವರ್ಷಕ್ಕಿಂತ ಕೆಳಗಿಳಿಯುವಂತಿಲ್ಲ ಎಂಬ ರಕ್ಷಣೆ ಕಾಯ್ದೆಯಲ್ಲೇ ಇದೆ. ಸಮುದ್ರದಲ್ಲಿ ಗಾಳಿಯಂತ್ರ ನೆಡುವ ಗುತ್ತಿಗೆಗಳಿಂದ ಎಸ್ಟೇಟಿಗೆ ಹಣ ಹರಿದು ಬಂದು, 8 ಕೋಟಿ 63 ಲಕ್ಷ ಪೌಂಡಿದ್ದ ಅನುದಾನ 2025-26ರಲ್ಲಿ 13 ಕೋಟಿ 21 ಲಕ್ಷಕ್ಕೆ ಮುಟ್ಟಿತು. ಅದರಲ್ಲಿ ಒಂದು ಪಾಲು ಬಕಿಂಗ್‌ಹ್ಯಾಮ್ ಅರಮನೆಯ ದುರಸ್ತಿಗೆ, ಒಪ್ಪೋಣ. ಯಾವ ನರ್ಸ್‌ಗೂ, ಯಾವ ಶಾಲೆಗೂ, ಯಾವ ವೃದ್ಧರ ಆರೈಕೆ ಕೇಂದ್ರಕ್ಕೂ ಇಂಥ ಖಾತರಿ ಬ್ರಿಟನ್ನಿನ ಕಾನೂನಿನಲ್ಲಿಲ್ಲ. ಆ ಖಾತರಿಯನ್ನು ತೆಗೆಯಬೇಕು. ಮುಂದಿನ ಬಾರಿ ಕಿರೀಟ ಹೊರತೆಗೆಯುವ ಮೊದಲು ಅಂದಾಜು ಖರ್ಚು ಸಂಸತ್ತಿನ ಮುಂದೆ ಮತಕ್ಕೆ ಬರಬೇಕು. ಒಂದೂವರೆ ವರ್ಷದ ನಂತರ ಕೊಡುವ ಲೆಕ್ಕ, ಹಣ ಕೊಟ್ಟವರಿಗೆ ಬೇಡ ಎನ್ನುವ ಅವಕಾಶವನ್ನೇ ಉಳಿಸುವುದಿಲ್ಲ.