ಕೊನೆಯ ಪಣ: ಪೋಕರ್ ಮತ್ತು ಧರ್ಮರಾಯ

ನಮ್ಮ ನಿಲಂಗಾ ಕಡೆ ಪತ್ತಾ ಅಂತೀವಲ್ಲ, ಪೋಕರ್‌ನಾಗ ಆ ಐದನೇ ಪತ್ತಾ ಬಿದ್ದರ ಅದು ‘ರಿವರ್’. ಮುಂದ ಪತ್ತಾ ಇಲ್ಲ, ಪಣ ಒಂದೇ ಉಳೀತದ. ಎದುರಾಳಿ ಈವರೆಗೆ ಆಡಿದ ರೀತಿಯಿಂದ ‘ಇವನ ಹತ್ತಿರ ಅತಿ ದೊಡ್ಡ ಕೈ ಇರಲಾರದು’ ಎನ್ನಲು ಆಗದಿದ್ದರೆ, ಅವನ ‘ರೇಂಜ್’ಗೆ ಮೇಲ್ಮಿತಿ ಇಲ್ಲ. ಆಗ ನಾವು ನಡುಮಟ್ಟದ ಕೈ ಹಿಡಿದು ದೊಡ್ಡ ಪಣ ಹೂಡಿದರೆ, ಸಣ್ಣ ಕೈಯವನು ಪತ್ತಾ ಒಗೀತಾನ, ದೊಡ್ಡ ಕೈಯವನು ಒಪ್ಪತಾನ. ಲೆಕ್ಕ ಇಷ್ಟೇ ನೋಡ್ರಿ: ಸರದಿ ನಮ್ಮದೇ ಕೊನೆಯದಾದರೆ, ಅವನು ಒಪ್ಪಿದ 100 ಸಲದಲ್ಲಿ 50ಕ್ಕಿಂತ ಹೆಚ್ಚು ಸಲ ನಾವು ಗೆಲ್ಲಬೇಕು. ಇಲ್ಲಂದ್ರ ಪಣ ಹೂಡದೆ ‘ಚೆಕ್’ ಅನ್ನೋದೇ ಲೇಸು.

ಸಭಾಪರ್ವದ ಧರ್ಮರಾಯ ಶಕುನಿಯ ಕೈಚಳಕಕ್ಕೆ ಮಿತಿ ಕಾಣದಿದ್ದರೂ ಪಣ ಏರಿಸುತ್ತಲೇ ಹೋದ: ತಮ್ಮಂದಿರು, ತಾನು, ಕಡೆಗೆ ದ್ರೌಪದಿ. ಅವನನ್ನು ಬರೀ ಜೂಜಿನ ಚಟಗಾರ ಅಂದ್ರ ಓದು ಅರ್ಧಕ್ಕೇ ನಿಲ್ಲತದ. ಕರೆದ ಆಟಕ್ಕೆ ಹಿಂಜರಿಯೆನೆಂಬ ವ್ರತವೇ ಅವನಿಂದ ‘ಚೆಕ್’ ಕಸಿದುಕೊಂಡಿತ್ತು.