ಮಂಗಳೂರಲ್ಲಿ ಹಸಿವಾದ್ರೆ

ಮೀನೂಟಕ್ಕೆ ಎಲ್ಲಿ ಹೋಗೋದು ಅಂತ ಕೇಳ್ತೀರಾ? ಮಧ್ಯಾಹ್ನ ಸೀದಾ ಬಂದರು ಕಡೆ ಹೋಗಿ, ನಾರಾಯಣ ಹೋಟೆಲ್. ಕುಚ್ಚಲಕ್ಕಿ ಅನ್ನ, ಮೀನು ಸಾರು. ಹುರಿದ ಮೀನಿನ ತಟ್ಟೆಯೇ ಟೇಬಲ್‌ಗೆ ಬರುತ್ತೆ, ನೋಡಿ ಆರಿಸ್ಕೊಳ್ಳಿ. ಅಂಜಲ್‌ಗೆ ಹೆಸರು ಜಾಸ್ತಿ, ನನ್ನ ಓಟು ಮಾತ್ರ ಬಂಗುಡೆಗೆ. ಮುಳ್ಳಿದೆ, ನಿಧಾನ! ರವೆ ಫ್ರೈ ಬೇಡ, ಮಸಾಲೆ ಫ್ರೈ ಕೇಳಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯಲ್ಲ. ತಾಜಾ ಮೀನು ಕಮ್ಮಿ, ರೇಟು ಜಾಸ್ತಿ. ಆಗ ಕೋರಿ ರೊಟ್ಟಿ ಹಿಡೀರಿ. ಗರಿಗರಿ ಅಕ್ಕಿ ರೊಟ್ಟಿ ಮುರಿದು, ಮೇಲೆ ಕೋಳಿ ಗಸಿ ಸುರಿದು, ಪೂರ್ತಿ ನೆನೆಯೋ ಮೊದಲೇ ಬಾಯಿಗೆ!

ಸಸ್ಯಾಹಾರಿಗಳೇ, ಸಂಜೆ ಬಿಸಿ ಗೋಳಿಬಜೆ, ಬಾಳೆಹಣ್ಣಿನ ಬನ್ಸ್ ನಿಮಗೆ.

ಕೊನೆಗೆ ಲಾಲ್‌ಬಾಗಿನ ಪಬ್ಬಾಸ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಮ್. ಉದ್ದ ಗ್ಲಾಸು, ಉದ್ದ ಚಮಚ. ಬುಡ ಕಾಣೋವರೆಗೂ ಏಳ್ಬೇಡಿ.