ನಡುಕದಲ್ಲಿ ಅಡಗಿದ ಸುತ್ತು

ಕೃಷ್ಣೆಯ ದಂಡೆಯ ಯಡೂರಿಗೆ ಹೆಸರು ತಂದದ್ದು ವೀರಭದ್ರ ದೇವರ ಗುಡಿ. ಅಲ್ಲಿನ ಹೊಲಗಳನ್ನು ನಡೆಸುವುದು ಕಬ್ಬು, ಕಬ್ಬನ್ನು ನಡೆಸುವುದು ನೀರೆತ್ತುವ ಮೋಟರು. ಮೊನೊಬ್ಲಾಕ್ ಪಂಪಿನಲ್ಲಿ ಮೋಟರೂ ಪಂಪೂ ಒಂದೇ ಕವಚದೊಳಗಿರುತ್ತವೆ. ತಿರುಗುವ ಅಚ್ಚು ಕಣ್ಣಿಗೆ ಬೀಳದು. ಆದರೂ ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ಕವಚದ ಕಂಪನದಿಂದಲೇ ಲೆಕ್ಕಹಾಕಬಹುದು.

ಯಾವ ಅಚ್ಚೂ ಪೂರ್ತಿ ಸಮತೂಕದ್ದಲ್ಲ. ಎಲ್ಲೋ ಒಂದು ಬದಿಗೆ ಚೂರು ತೂಕ ಹೆಚ್ಚಿರುತ್ತದೆ. ಕವಣೆಗೆ ಇಟ್ಟ ಕಲ್ಲು ಕೈಯನ್ನು ಜಗ್ಗುವಂತೆ ಆ ತೂಕ ಬೇರಿಂಗನ್ನು ಪ್ರತಿ ಸುತ್ತಿಗೆ ಒಮ್ಮೆ ಜಗ್ಗುತ್ತದೆ. ಸೆಕೆಂಡಿಗೆ 48 ಸಲ ನಡುಗಿದರೆ ನಿಮಿಷಕ್ಕೆ 2,880 ಸುತ್ತು. ಅನೇಕ ಪಂಪುಗಳ ಫಲಕದ ಮೇಲೆ ಅಚ್ಚಾಗಿರುವ ಸಂಖ್ಯೆ ಇದೇ.

ಆದರೆ ಕವಚಕ್ಕೆ ಬಂದು ಮುಟ್ಟುವುದು ಒಂದೇ ನಡುಕವಲ್ಲ. ಪಂಪಿನ ಚಕ್ರಕ್ಕೆ 6 ರೆಕ್ಕೆಗಳಿದ್ದರೆ ಸೆಕೆಂಡಿಗೆ 288ರ ಕಂಪನವೂ ಬರುತ್ತದೆ. ಜೋಡಣೆ ಓರೆಯಾಗಿದ್ದರೆ ಸುತ್ತಿನ ಇಮ್ಮಡಿ, ಅಂದರೆ 96 ಜೋರಾಗುತ್ತದೆ. ಕಲಸಿಹೋದ ಇಂಥ ಅಲೆಯನ್ನು ಸರಳ ಅಲೆಗಳಾಗಿ ಬಿಡಿಸುವ ಗಣಿತವನ್ನು ಜೋಸೆಫ್ ಫೂರಿಯೆ 1822ರ ತನ್ನ ಉಷ್ಣ ಕುರಿತ ಗ್ರಂಥದಲ್ಲಿ ಕೊಟ್ಟ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ವೇಗದ ವಿಧಾನದಿಂದ ಅದು ಕಂಪ್ಯೂಟರಿಗೆ ಹಗುರವಾಯಿತು. ಹೀಗೆ ಬಿಡಿಸಿದಾಗ ಪ್ರತಿ ಕಂಪನವೂ ನಕ್ಷೆಯಲ್ಲಿ ಒಂದೊಂದು ಶಿಖರವಾಗಿ ಕಾಣುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು: ಅತಿ ಎತ್ತರದ ಶಿಖರವೇ ಸುತ್ತಿನ ವೇಗ ಎಂದು ನಂಬಬಾರದು. ಯಾವ ಸಂಖ್ಯೆಯ ಒಂದು, ಎರಡು, ಆರು ಪಟ್ಟುಗಳಲ್ಲಿ ಶಿಖರಗಳು ಸಾಲಾಗಿ ನಿಲ್ಲುತ್ತವೆಯೋ ಅದೇ ನಿಜವಾದ ವೇಗ.

ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಎರಡು ಧ್ರುವಗಳ ಮೋಟರಿನೊಳಗೆ ಕಾಂತಕ್ಷೇತ್ರ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಅಚ್ಚು ಅದಕ್ಕಿಂತ ತುಸು ಹಿಂದೆ ಉಳಿಯುತ್ತದೆ. ಈ ಹಿಂದುಳಿಕೆಗೆ ಸ್ಲಿಪ್ ಎನ್ನುತ್ತಾರೆ. ಕಾಂತದ ಎಳೆತವೂ ಕವಚವನ್ನು ಸೆಕೆಂಡಿಗೆ 100 ಸಲ ನಡುಗಿಸುತ್ತದೆ. ಮೋಟರಿನ ‘ಗುಂಯ್’ ಸದ್ದಿನಲ್ಲಿ ಅದರ ಪಾಲು ದೊಡ್ಡದು. ಅಂದರೆ ಕಂಪನದ ಒಂದೇ ದಾಖಲೆಯಲ್ಲಿ ಅಚ್ಚಿನ ವೇಗವೂ ಇದೆ, ವಿದ್ಯುತ್ ಜಾಲದ ಆವರ್ತನವೂ ಇದೆ. ಜಾಲ 49.9ಕ್ಕೆ ಇಳಿದಿದ್ದರೆ 3,000ದ ಜಾಗದಲ್ಲಿ 2,994 ಇಟ್ಟುಕೊಂಡು ಲೆಕ್ಕ ತಿದ್ದಿಕೊಳ್ಳಬಹುದು.

ಸ್ಲಿಪ್ ಎಂಬ ಆ ಸಣ್ಣ ಅಂತರದಲ್ಲೇ ರೈತನಿಗೆ ಬೇಕಾದ ಸುದ್ದಿ ಇರುವುದು. ಪೂರ್ಣ ಹೊರೆಯಲ್ಲಿ 120 ಸುತ್ತು ಹಿಂದುಳಿಯಬೇಕಾದ ಮೋಟರು 60 ಮಾತ್ರ ಹಿಂದುಳಿದಿದ್ದರೆ ಹೊರೆ ಸುಮಾರು ಅರ್ಧ. ಫುಟ್‌ವಾಲ್ವ್ ಕಟ್ಟಿದೆಯೇ, ಗಾಳಿ ಎಳೆಯುತ್ತಿದೆಯೇ ನೋಡಬೇಕು. 160 ಹಿಂದುಳಿದರೆ ಹೊರೆ ಮೀರಿದೆ, ಇಲ್ಲವೇ ವೋಲ್ಟೇಜು ಬಿದ್ದಿದೆ. ವೋಲ್ಟೇಜು 10% ಇಳಿದರೆ ಅದೇ ಸ್ಲಿಪ್‌ನಲ್ಲಿ ತಿರುಗುಬಲ 19% ಇಳಿಯುತ್ತದೆ. ಆಗ ಮೋಟರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ.

ಇಷ್ಟು ಸೂಕ್ಷ್ಮ ಅಳತೆಗೆ ತಾಳ್ಮೆ ಬೇಕು. ಒಂದು ಸೆಕೆಂಡಿನ ದಾಖಲೆಯಲ್ಲಿ ಶಿಖರಗಳು ನಿಲ್ಲಬಹುದಾದ ಮನೆಗಳು ನಿಮಿಷಕ್ಕೆ 60 ಸುತ್ತಿನ ಅಂತರದಲ್ಲಿರುತ್ತವೆ. 20 ಸೆಕೆಂಡು ದಾಖಲಿಸಿದರೆ ಅಂತರ 3 ಸುತ್ತಿಗೆ ಇಳಿಯುತ್ತದೆ. ಅಷ್ಟು ಹೊತ್ತು ವೇಗ ಏರಿಳಿಯಬಾರದು ಎಂಬುದೇ ಷರತ್ತು. ಮೊಬೈಲಿನ ಕಂಪನ ಸಂವೇದಕವನ್ನು ಬಳಸುವವರು ಇನ್ನೊಂದು ಮಾತು ನೆನಪಿಡಬೇಕು. ಅದು ಸೆಕೆಂಡಿಗೆ 100 ಸಲ ಮಾತ್ರ ಅಳೆಯುತ್ತಿದ್ದರೆ 50ರ ಮೇಲಿನ ಕಂಪನಗಳು ವೇಷ ಮರೆಸಿ ಬರುತ್ತವೆ: 96ರ ನಡುಕ 4ರಂತೆ ಕಾಣುತ್ತದೆ, 100ರದ್ದು ಕಾಣುವುದೇ ಇಲ್ಲ. ಸೆಕೆಂಡಿಗೆ 1,000 ಸಲ ಅಳೆಯುವ ಸಂವೇದಕವಿದ್ದರೆ ಈ ತೊಡಕಿಲ್ಲ.

ಇದೇ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ಗಾಣದ ಉರುಳೆಗಳಿಗೆ ಈ ವಿಧಾನ ನೇರವಾಗಿ ಒಗ್ಗುವುದಿಲ್ಲ. ನಿಮಿಷಕ್ಕೆ ನಾಲ್ಕೇ ಸುತ್ತು ತಿರುಗುವ ಉರುಳೆಯ ನಡುಕ ತೀರಾ ಕ್ಷೀಣ. ಅಲ್ಲಿ ಗಿಯರಿನ ಹಲ್ಲುಗಳು ತಾಗುವ ಕಂಪನವನ್ನು ಹಿಡಿದು, ಹಲ್ಲುಗಳ ಸಂಖ್ಯೆಯಿಂದ ಭಾಗಿಸುತ್ತಾರೆ.

ಹೊಸ ಪಂಪು ಕೂರಿಸಿದ ದಿನವೇ ಅದರ ವೇಗ, ವೋಲ್ಟೇಜು, ಕರೆಂಟು ಮೂರನ್ನೂ ಬರೆದಿಡಿ. ಮುಂದೆ ಹೋಲಿಸಿ ನೋಡಲು ಅದೇ ಆಧಾರ. ಸಂವೇದಕ ಅಂಟಿಸುವ ಮುನ್ನ ಮೋಟರು ನಿಲ್ಲಿಸಿ, ಅರ್ಥಿಂಗ್ ಸರಿಯಿದೆಯೇ ನೋಡಿ, ಒಣಗಿದ ಕೈಯಿಂದ ಮುಟ್ಟಿ.